ಅಕ್ಯುಪಂಕ್ಚರ್‌ಗೆ ಮೊದಲ ಸಲ ಹೋಗುವ ಮುಂಚೆ

ಮಂಡಿ ನೋವಿಗೆ ಮುಲಾಮು ಹಚ್ಚಿದ್ದಾಯಿತು, ಮಾತ್ರೆ ನುಂಗಿದ್ದಾಯಿತು, ಫಿಸಿಯೋಥೆರಪಿಯೂ ಆಯಿತು. ಆಮೇಲೆ ಯಾರೋ ಒಬ್ಬರು ‘ಅಕ್ಯುಪಂಕ್ಚರ್ ಒಂದು ಸಲ ನೋಡ್ರೀ’ ಅನ್ನುತ್ತಾರೆ. ನಮ್ಮಲ್ಲಿ ಬಹಳ ಜನ ಮೈಗೆ ಸೂಜಿ ಚುಚ್ಚುವ ಈ ಚಿಕಿತ್ಸೆಗೆ ಹೋಗುವುದು ಹೀಗೆಯೇ. ಅರ್ಧ ಆಸೆ, ಅರ್ಧ ಹೆದರಿಕೆ, ಏನು ಕೇಳಬೇಕು ಅಂತಲೂ ಗೊತ್ತಿರುವುದಿಲ್ಲ. ಅಂಥವರಿಗಾಗಿ ಈ ಬರಹ. ಸೂಜಿಗೆ ಹೆದರುವಂಥದ್ದು ಏನೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಸೂಜಿ ಹಿಡಿದವರ ಬಗ್ಗೆ ನಾಲ್ಕು ಮಾತು ವಿಚಾರಿಸದೆ ಮಂಚ ಹತ್ತಬಾರದು. ಎಷ್ಟು ಸಲ ನೋಡಿ ನಿಲ್ಲಿಸಬೇಕು ಅನ್ನುವುದನ್ನೂ ಮೊದಲ ದಿನವೇ ತೀರ್ಮಾನ ಮಾಡಿಕೊಂಡಿರಬೇಕು.

ಏನಿದು, ಎಲ್ಲಿಂದ ಬಂತು

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಸೂಜಿ ಒಂದು ಭಾಗ ಮಾತ್ರ. ಗಿಡಮೂಲಿಕೆಯ ಕಷಾಯ, ಒಣಗಿದ ಎಲೆ ಸುಟ್ಟು ಶಾಖ ಕೊಡುವ ಮಾಕ್ಸಿಬಸ್ಚನ್, ಬಟ್ಟಲು ಕಚ್ಚಿಸುವ ಕಪ್ಪಿಂಗ್, ತುಯಿನಾ ಅನ್ನುವ ಮಾಲೀಷು, ಊಟದ ಪಥ್ಯ ಎಲ್ಲವೂ ಅದರೊಳಗೇ ಬರುತ್ತವೆ. ಚೀನಾದಲ್ಲಿ ಈ ವೈದ್ಯರ ಹತ್ತಿರ ಹೋದವರು ಸೂಜಿಗಿಂತ ಕಷಾಯದ ಚೀಟಿ ಹಿಡಿದು ಬರುವುದೇ ಜಾಸ್ತಿ. ಹೊರದೇಶಗಳಲ್ಲಿ ಹೆಸರು ಮಾಡಿದ್ದು ಮಾತ್ರ ಸೂಜಿ.

ಅವರ ಲೆಕ್ಕದಲ್ಲಿ ‘ಚಿ’ ಅನ್ನುವ ಶಕ್ತಿ ದೇಹದೊಳಗೆ ಗೊತ್ತಾದ ದಾರಿಗಳಲ್ಲಿ ಹರಿಯುತ್ತದೆ. ಆ ದಾರಿಗೆ ಮೆರಿಡಿಯನ್ ಅನ್ನುತ್ತಾರೆ. ಹರಿವು ಎಲ್ಲೋ ಕಟ್ಟಿಕೊಂಡರೆ ನೋವು. ಮುಖ್ಯ ದಾರಿಗಳು 12, ಮೈಯ ನಡುಗೆರೆಯಲ್ಲಿ ಹಿಂದೊಂದು ಮುಂದೊಂದು ಸೇರಿ 14. ಅವುಗಳ ಮೇಲೆ 361 ಬಿಂದುಗಳು. ವಾತ, ಪಿತ್ತ, ಕಫ ಕೇಳಿ ಬೆಳೆದ ನಮಗೆ ಇಂಥ ಮಾತು ಹೊಸದೇನಲ್ಲ. ಆದರೆ ಶವ ಕೊಯ್ದು ನೋಡಿದರೂ, ಸ್ಕ್ಯಾನ್ ಮಾಡಿದರೂ ಮೆರಿಡಿಯನ್ ಅನ್ನುವ ನಾಳ ಸಿಕ್ಕಿಲ್ಲ. ಸಿಕ್ಕಿರುವುದು ಬೇರೆ ಸಂಗತಿ. ಸೂಜಿ ನರಗಳನ್ನು ಕೆಣಕುತ್ತದೆ. ಅದಕ್ಕೆ ಮೆದುಳು, ಬೆನ್ನುಹುರಿ ಎಂಡಾರ್ಫಿನ್‌ನಂಥ ನೋವುಶಾಮಕಗಳನ್ನು ಬಿಡುತ್ತವೆ. ಚಿ ಮೇಲೆ ನಂಬಿಕೆ ಇದ್ದರೆ ಸರಿ, ಇಲ್ಲದಿದ್ದರೂ ಚಿಕಿತ್ಸೆ ತಗೊಳ್ಳಲು ಅಡ್ಡಿಯಿಲ್ಲ.

ಭಾರತಕ್ಕೆ ಇದು ಬಂದ ಕತೆ ನಮ್ಮ ಗಡಿಯ ಪಕ್ಕದಲ್ಲೇ ಹಾದು ಹೋಗುತ್ತದೆ. 1938ರಲ್ಲಿ ಚೀನಾದ ಯುದ್ಧದಲ್ಲಿ ಗಾಯಗೊಂಡವರ ಆರೈಕೆಗೆ ಇಲ್ಲಿಂದ 5 ಡಾಕ್ಟರುಗಳು ಹೋದರು. ಅವರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೊಟ್ನಿಸ್ ಅಲ್ಲೇ 1942ರಲ್ಲಿ ತೀರಿಕೊಂಡರು. ಅವರು ಶಸ್ತ್ರವೈದ್ಯರು, ಸೂಜಿಗೂ ಅವರಿಗೂ ಸಂಬಂಧವಿಲ್ಲ. ಅದೇ ತಂಡದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, ಕಲ್ಕತ್ತಾದಲ್ಲಿ ಶುರು ಮಾಡಿದರು. ಇದಕ್ಕೆಂದೇ ಮೊದಲು ಕಾನೂನು ಮಾಡಿದ ರಾಜ್ಯ ಪಶ್ಚಿಮ ಬಂಗಾಳ, 1996ರಲ್ಲಿ.

ಮೊದಲು ಕಾಯಿಲೆ ಏನು ಅಂತ ಗೊತ್ತಾಗಲಿ

ಮೊದಲ ಹೆಜ್ಜೆ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರವೇ. ನೋವಿಗೆ ಕಾರಣ ಏನು ಅಂತ ಗೊತ್ತಿಲ್ಲದೆ ಸೂಜಿ ಹಾಕಿಸಿಕೊಳ್ಳಬೇಡಿ. ಬೆನ್ನುನೋವಿನ ಜೊತೆ ಕಾಲಿನ ಬಲ ಕುಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ ಅದು ಆಸ್ಪತ್ರೆಯ ತುರ್ತು ವಿಭಾಗದ ಕೆಲಸ. ಎದೆನೋವು, ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು ಇವೂ ಹಾಗೆಯೇ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಗಂಟು ಬೆಳೆಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಲಕ್ವದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಾಯಿ ಸೊಟ್ಟಗಾಗಿ ಕೈ ಸೋತ ಕೂಡಲೇ ‘ಅಲ್ಲೊಬ್ಬರು ಸೂಜಿ ಹಾಕ್ತಾರಂತೆ’ ಅಂತ ಊರಿನಿಂದ ಊರಿಗೆ ಕರೆದುಕೊಂಡು ಹೋಗುವವರು ಈಗಲೂ ಇದ್ದಾರೆ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆ. ಆ ಗಂಟೆಗಳು ಕಳೆದರೆ ಮತ್ತೆ ಸಿಗುವುದಿಲ್ಲ. ಅಕ್ಯುಪಂಕ್ಚರ್ ಬೇಕು ಅನ್ನಿಸಿದರೆ ಆಸ್ಪತ್ರೆಯಿಂದ ಬಂದ ಮೇಲೆ, ವ್ಯಾಯಾಮ ಮಾಡಿಸುವ ಹಂತದಲ್ಲಿ, ಡಾಕ್ಟರನ್ನು ಕೇಳಿ ಯೋಚಿಸಬಹುದು.

ಹಾಗಾದರೆ ಯಾವುದಕ್ಕೆ ಪ್ರಯೋಜನ? ಬಹುಕಾಲದ ನೋವು: ಸೊಂಟ, ಕುತ್ತಿಗೆ, ಮಂಡಿ ಸವೆತ. ಪದೇ ಪದೇ ಬರುವ ಮೈಗ್ರೇನ್ ಮತ್ತು ಬಿಗಿತದ ತಲೆನೋವು. ಆಪರೇಷನ್ ಆದ ಮೇಲಿನ ವಾಕರಿಕೆ. ಸಂಶೋಧನೆಯ ಬೆಂಬಲ ಇರುವುದು ಹೆಚ್ಚಾಗಿ ಇಲ್ಲಿಯೇ. ಅದರಲ್ಲೂ ಒಂದು ತಿರುವಿದೆ. ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರದ ಪ್ರಕಾರ ಸೂಜಿ, ಇನ್ನೊಂದಕ್ಕೆ ಬಿಂದುವೇ ಅಲ್ಲದ ಕಡೆ ಆಳಕ್ಕಿಳಿಸದೆ ಸೂಜಿ, ಮೂರನೆಯದಕ್ಕೆ ಮಾಮೂಲಿ ಮಾತ್ರೆ ಮತ್ತು ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಇದು ಪ್ರಕಟವಾದದ್ದು 2007ರಲ್ಲಿ. ಅಂದರೆ ಸೂಜಿ ಹಾಕಿಸಿಕೊಂಡವರಿಗೆ ಆರಾಮ ಆಗಿದ್ದು ನಿಜ, ಆದರೆ ಎಲ್ಲಿ ಚುಚ್ಚಿದರು ಅನ್ನುವುದು ನಾವು ಅಂದುಕೊಂಡಷ್ಟು ಮುಖ್ಯವಾಗಲಿಲ್ಲ.

ಹೀಗಿರುವುದರಿಂದಲೇ ತಜ್ಞರಲ್ಲೂ ಒಮ್ಮತವಿಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡ ಅಂದಿತು. ಅದೇ ಸಂಸ್ಥೆ 2021ರಲ್ಲಿ, ಬೇರೆ ಕಾರಣ ಸಿಗದ ಬಹುಕಾಲದ ನೋವಿಗೆ ಒಂದು ಸುತ್ತು ನೋಡಬಹುದು ಅಂದಿತು. ಅಮೆರಿಕದಲ್ಲಿ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2020ರಿಂದ ಹಳೆಯ ಸೊಂಟನೋವಿಗೆ ಇದರ ಖರ್ಚು ಕೊಡುತ್ತಿದೆ.

ಸಕ್ಕರೆ ಕಾಯಿಲೆ, ಥೈರಾಯ್ಡ್, ಕಿಡ್ನಿ, ಕ್ಯಾನ್ಸರ್ ‘ಬುಡಸಮೇತ ವಾಸಿ’ ಅಂತ ಬೋರ್ಡು ಹಾಕಿದ್ದರೆ ಅಲ್ಲಿಂದಲೇ ತಿರುಗಿ ಬನ್ನಿ. ಇನ್ಸುಲಿನ್, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ಇವತ್ತಿನಿಂದ ಬಿಡಿ ಅನ್ನುವವರ ಕೈಯಲ್ಲಿ ಸೂಜಿ ಎಷ್ಟು ಚೆನ್ನಾಗಿ ಓಡಿದರೂ ನನಗೆ ಬೇಡ.

ಯಾರ ಹತ್ತಿರ ಹೋಗುವುದು

ನಮ್ಮ ಊರುಗಳಲ್ಲಿ ಅಕ್ಯುಪಂಕ್ಚರ್ ಅನ್ನುವ ಬೋರ್ಡಿನ ಕೆಳಗೆ ಏನೇನೋ ನಡೆಯುತ್ತದೆ. ಬೆರಳಿನಿಂದ ಒತ್ತುವುದು ಅಕ್ಯುಪ್ರೆಶರ್. ಅಂಗೈ ಮೇಲೆ ಮೆಂತ್ಯ ಕಾಳು ಅಂಟಿಸುವುದು, ಸ್ಕೆಚ್‌ಪೆನ್ನಿನಿಂದ ಬಣ್ಣದ ಚುಕ್ಕಿ ಇಡುವುದು ಸುಜೋಕ್. ಅದು ಕೊರಿಯಾದ್ದು, ಹಳೆಯ ಚೀನೀ ಪದ್ಧತಿಯಲ್ಲ. ಬರೀ ಬೆರಳು ತಾಗಿಸಿ ಕಳಿಸುವವರೂ ಇದ್ದಾರೆ. ಫಿಸಿಯೋಥೆರಪಿಸ್ಟ್‌ಗಳು ಮಾಡುವ ಡ್ರೈ ನೀಡ್ಲಿಂಗ್‌ನಲ್ಲಿ ಸೂಜಿ ಅದೇ, ಲೆಕ್ಕ ಬೇರೆ. ಅವರು ಮೆರಿಡಿಯನ್ ನೋಡುವುದಿಲ್ಲ, ಗಂಟು ಕಟ್ಟಿದ ಸ್ನಾಯುವಿಗೆ ಚುಚ್ಚುತ್ತಾರೆ. ಅಪಾಯಿಂಟ್‌ಮೆಂಟ್ ತಗೊಳ್ಳುವ ಮುಂಚೆ ಇವುಗಳಲ್ಲಿ ಯಾವುದು ಮಾಡುತ್ತೀರಿ ಅಂತ ಕೇಳಿಬಿಡಿ.

ಕೇಂದ್ರ ಸರ್ಕಾರ 2019ರ ಫೆಬ್ರವರಿಯಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಮಾನ್ಯ ಮಾಡಿತು. ಹಾಗಂತ ಚೀನೀ ವೈದ್ಯ ಆಯುಷ್ ಪಟ್ಟಿಗೆ ಸೇರಿಲ್ಲ. ಬಂಗಾಳದ ನಂತರ ಮಹಾರಾಷ್ಟ್ರವೂ ಕಾನೂನು ಮಾಡಿಕೊಂಡಿದೆ. ಕರ್ನಾಟಕದಲ್ಲಿ ಸೂಜಿಗೇ ಮೀಸಲಾದ ಅಂಥ ಕಾನೂನಿಲ್ಲ. ಆದ್ದರಿಂದ ಇಲ್ಲಿ ವಿಚಾರಣೆಯ ಭಾರ ರೋಗಿಯ ಮೇಲೆಯೇ ಜಾಸ್ತಿ.

ಇಲ್ಲಿ ಭರವಸೆಯ ದಾರಿ ಅಂದರೆ ಬಿ.ಎನ್.ವೈ.ಎಸ್. ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಪದವಿ ಅದು. ದೇಹರಚನೆ, ಶರೀರಕ್ರಿಯೆ ಜೊತೆ ಅಕ್ಯುಪಂಕ್ಚರ್ ಕೂಡ ಪಾಠದಲ್ಲಿರುತ್ತದೆ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಈ ಓದು ಕಲಿಸುತ್ತಿದೆ. ಅಕ್ಯುಪಂಕ್ಚರ್ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರೂ ಸಿಗುತ್ತಾರೆ. ಎರಡೂ ಕಡೆ ರಾಜ್ಯದ ಮಂಡಳಿಯ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳುವುದು ಅವಮಾನವಲ್ಲ. ವಾರಾಂತ್ಯದ ಕೋರ್ಸು ಮುಗಿಸಿ ಗೋಡೆ ತುಂಬ ಸರ್ಟಿಫಿಕೇಟು ತೂಗುಹಾಕಿದವರಿಗಿಂತ, ಶ್ವಾಸಕೋಶ ಎಲ್ಲಿ ಮುಗಿಯುತ್ತದೆ ಅಂತ ಓದಿ ಪರೀಕ್ಷೆ ಬರೆದವರು ವಾಸಿ. ಯಾಕೆ ಅನ್ನುವುದು ಸೂಜಿಯ ಮಾತು ಬಂದಾಗ ಗೊತ್ತಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಕೆಲಸ ಸ್ವಲ್ಪ ಸುಲಭ. ಆಸ್ಟ್ರೇಲಿಯಾದಲ್ಲಿ 2012ರಿಂದ ಚೀನೀ ವೈದ್ಯಕ್ಕೆ ರಾಷ್ಟ್ರಮಟ್ಟದ ನೋಂದಣಿ ಇದೆ, ಹೆಸರು ಹಾಕಿ ಆನ್‌ಲೈನಿನಲ್ಲೇ ನೋಡಬಹುದು. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಲೈಸೆನ್ಸ್ ಬೇರೆ. ಜರ್ಮನಿಯಲ್ಲಿ ಹಳೆಯ ಸೊಂಟನೋವು, ಮಂಡಿ ಸವೆತಕ್ಕೆ ತರಬೇತಿ ಪಡೆದ ಡಾಕ್ಟರೇ ಚುಚ್ಚಿದರೆ ಸರ್ಕಾರಿ ವಿಮೆ ಖರ್ಚು ಭರಿಸುತ್ತದೆ.

ಫೋನಿನಲ್ಲೇ ಇನ್ನೆರಡು ಪ್ರಶ್ನೆ ಮುಗಿಸಿ. ಪ್ರತಿ ರೋಗಿಗೂ ಹೊಸ ಸೂಜಿಯಾ? ಒಂದು ಸಲಕ್ಕೆ ಎಷ್ಟು, ಒಟ್ಟು ಎಷ್ಟು ಸಲ ಆಗಬಹುದು? ‘ನಿಮ್ಮದೇ ಸೂಜಿ ತೊಳೆದು ಡಬ್ಬಿಯಲ್ಲಿ ಇಟ್ಟಿರುತ್ತೇವೆ’ ಅಂದರೆ ಬೇಡ ಅನ್ನಿ. ಹೆಪಟೈಟಿಸ್ ಬಿ, ಸಿ ಹರಡುವುದಕ್ಕೆ ಅಂಥ ಡಬ್ಬಿಯೇ ಸಾಕು. ಇಪ್ಪತ್ತು ಸಲದ ದುಡ್ಡು ಮುಂಗಡ ಕೊಟ್ಟರೆ ರಿಯಾಯಿತಿ ಅನ್ನುವ ಪ್ಯಾಕೇಜಿಗೂ ಮೊದಲ ದಿನ ಒಪ್ಪಬೇಡಿ.

ಹೋಗುವ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಸೂಜಿ ಹಾಕಿದಾಗ ತಲೆ ಸುತ್ತಿ ಬೀಳುವವರಲ್ಲಿ ಹಸಿದು ಬಂದವರು, ನಿದ್ದೆಗೆಟ್ಟವರು, ಹೆದರಿದವರೇ ಜಾಸ್ತಿ. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪತ್ತು, ರಂಜಾನ್ ಉಪವಾಸ ಇದ್ದರೆ ಬೇರೆ ದಿನ ನೋಡಿ. ಹೊಟ್ಟೆ ಬಿರಿಯುವಷ್ಟು ತಿಂದೂ ಹೋಗಬೇಡಿ, ಬೋರಲು ಮಲಗಬೇಕಾಗಬಹುದು. ಎರಡು ಗಂಟೆ ಮುಂಚೆ ಎರಡು ಇಡ್ಲಿಯೋ ಒಂದು ರೊಟ್ಟಿಯೋ ತಿಂದಿದ್ದರೆ ಸರಿಹೋಗುತ್ತದೆ.

ಬೆಳಗ್ಗೆ ನಾಲಿಗೆ ಕೆರೆಯಬೇಡಿ. ನಮಗೆ ಇದು ಕಷ್ಟದ ಮಾತು, ಗೊತ್ತು. ಆದರೆ ಚೀನೀ ವೈದ್ಯರು ನಾಲಿಗೆಯ ಮೇಲಿನ ಲೇಪ ನೋಡಿಯೇ ಅರ್ಧ ಲೆಕ್ಕ ಹಾಕುತ್ತಾರೆ, ಅದನ್ನೇ ಕೆರೆದು ಎಸೆದು ಬಂದರೆ ಅವರು ಏನು ನೋಡಬೇಕು? ಹೋಗುವ ಮುಂಚೆ ಕಾಫಿ, ಬೀಟ್‌ರೂಟು, ಎಲೆ ಅಡಿಕೆ ಬಿಡಿ, ಬಣ್ಣ ಅಂಟುತ್ತದೆ.

ಸಡಿಲ ಬಟ್ಟೆ ಹಾಕಿಕೊಳ್ಳಿ. ಮಂಡಿಯ ಮೇಲಕ್ಕೆ, ಮೊಣಕೈ ಮೇಲಕ್ಕೆ ಸರಿಯಬೇಕು. ಪಂಚೆ, ಪೈಜಾಮ, ಸಲ್ವಾರ್ ಅನುಕೂಲ, ಜೀನ್ಸ್ ಬೇಡ. ಬಳೆ, ವಾಚು, ಕಾಲುಂಗುರ ಅಡ್ಡ ಬಂದರೆ ತೆಗೆಯಲು ಹೇಳಬಹುದು. ಬೆನ್ನಿಗೆ ಸೂಜಿ ಹಾಕಿಸಿಕೊಳ್ಳುವ ಹೆಂಗಸರು ಮನೆಯವರನ್ನೋ ನರ್ಸನ್ನೋ ಕೋಣೆಯಲ್ಲಿ ಇರಿಸಿಕೊಳ್ಳಬೇಕೆಂದು ಕೇಳಬಹುದು, ಒಳ್ಳೆಯ ಕ್ಲಿನಿಕ್ಕಿನವರು ತಾವಾಗಿಯೇ ಕೇಳುತ್ತಾರೆ. ನುಂಗುತ್ತಿರುವ ಮಾತ್ರೆಗಳ ಚೀಟಿ, ಸ್ಕ್ಯಾನ್ ರಿಪೋರ್ಟು ಜೊತೆಗಿರಲಿ.

ಕೋಣೆಯೊಳಗೆ

ಮೊದಲ ಸಲ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಪ್ರಶ್ನೆಗಳೇ ಜಾಸ್ತಿ. ಬೆವರು ಹೇಗೆ, ಚಳಿ ಜಾಸ್ತಿಯೋ ಸೆಖೆ ಜಾಸ್ತಿಯೋ, ಬಾಯಾರಿದರೆ ತಣ್ಣೀರು ಬೇಕೋ ಬಿಸಿನೀರೋ, ನಿದ್ದೆಯಲ್ಲಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಮುಟ್ಟು, ಮಲ, ಕೋಪ. ಮಂಡಿ ನೋವಿಗೆ ಬಂದರೆ ಇದೆಲ್ಲ ಯಾಕಪ್ಪಾ ಅನ್ನಿಸುತ್ತದೆ. ಅವರ ಪದ್ಧತಿಯಲ್ಲಿ ಒಂದೇ ಮಂಡಿ ನೋವಿಗೆ ಇಬ್ಬರಿಗೆ ಬೇರೆ ಬೇರೆ ಬಿಂದುಗಳು ಬರುವುದು ಈ ಉತ್ತರಗಳಿಂದಲೇ.

ಆಮೇಲೆ ನಾಡಿ. ಎರಡೂ ಮಣಿಕಟ್ಟಿನಲ್ಲಿ ಮೂರು ಮೂರು ಬೆರಳಿಟ್ಟು, ಒಮ್ಮೆ ಹಗುರವಾಗಿ, ಒಮ್ಮೆ ಒತ್ತಿ ನೋಡುತ್ತಾರೆ. ಎಡಗೈಯ ಮೂರು ಜಾಗ ಹೃದಯ, ಪಿತ್ತಕೋಶ ಸೇರಿದ ಯಕೃತ್ತು, ಕಿಡ್ನಿಗೆ. ಬಲಗೈಯ ಮೊದಲೆರಡು ಶ್ವಾಸಕೋಶ ಮತ್ತು ಗುಲ್ಮಕ್ಕೆ, ಮೂರನೆಯದು ಮತ್ತೆ ಕಿಡ್ನಿಗೆ. ಇದನ್ನು ನೋಡಿ ‘ನಿಮ್ಮ ಕಿಡ್ನಿ ವೀಕ್ ಇದೆ’ ಅಂದರೆ ಗಾಬರಿ ಬೀಳಬೇಡಿ. ಅವರು ಹೇಳುವ ಕಿಡ್ನಿ ಅಂದರೆ ಮೂಳೆ, ಸೊಂಟ, ವಯಸ್ಸಾಗುವುದು, ಭಯ ಎಲ್ಲ ಸೇರಿದ ಒಂದು ಲೆಕ್ಕ. ಲ್ಯಾಬಿನ ಕ್ರಿಯಾಟಿನಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ‘ನಾಡಿಯಲ್ಲಿ ಕಿಡ್ನಿ ಸರಿಯಾಗಿದೆ’ ಅಂದರು ಅಂತ ನಿಜವಾದ ಕಿಡ್ನಿ ಪರೀಕ್ಷೆ ತಪ್ಪಿಸಲೂಬಾರದು.

ಸೂಜಿ ಹಾಕುವ ಮುಂಚೆ ಈ ಸಂಗತಿಗಳನ್ನು ಅವರು ಕೇಳದಿದ್ದರೂ ಹೇಳಿ:

- ಬಸಿರು, ಅಥವಾ ಬಸಿರಿರಬಹುದು ಅನ್ನುವ ಅನುಮಾನ. ಹೆಬ್ಬೆರಳು ತೋರುಬೆರಳಿನ ನಡುವಿನ ಹೆಗು, ಪಾದದ ಕೀಲಿನ ಒಳಮಗ್ಗುಲಿಗೆ ಸ್ವಲ್ಪ ಮೇಲಿರುವ ಸಾನ್ಯಿನ್‌ಜಾವ್ ಬಿಂದುಗಳನ್ನು ಬಸಿರಿನಲ್ಲಿ ಸಾಂಪ್ರದಾಯಿಕವಾಗಿ ಬಿಡುತ್ತಾರೆ.
- ರಕ್ತ ತೆಳು ಮಾಡುವ ಮಾತ್ರೆ, ರಕ್ತ ಹೆಪ್ಪುಗಟ್ಟದ ತೊಂದರೆ.
- ಪೇಸ್‌ಮೇಕರ್. ಸೂಜಿಗೆ ಕರೆಂಟು ಕೊಡುವ ಎಲೆಕ್ಟ್ರೋ ಅಕ್ಯುಪಂಕ್ಚರ್ ನಿಮಗೆ ಬೇಡ.
- ಕಿಮೋಥೆರಪಿ ನಡೆಯುತ್ತಿದ್ದರೆ, ಕಂಕುಳ ಗ್ರಂಥಿ ತೆಗೆದು ಕೈ ಊದಿದ್ದರೆ. ಆ ಕೈಗೆ ಸೂಜಿ ಬೇಡ.
- ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ. ಬಿಸಿ ತಾಗಿದ್ದು ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ.

ಸೂಜಿ

ಮಾಮೂಲಿ ಸೂಜಿ ಸುಮಾರು 0.25 ಮಿ.ಮೀ. ದಪ್ಪ. ರಕ್ತ ತೆಗೆಯುವ ಸೂಜಿ ಹೆಚ್ಚುಕಮ್ಮಿ ಅದರ ಮೂರು ಪಟ್ಟು ದಪ್ಪ ಇರುತ್ತದೆ, ಒಳಗೆ ಟೊಳ್ಳು. ಇದು ಗಟ್ಟಿ ತಂತಿ, ಬಳುಕುತ್ತದೆ. ಹಿಂಬದಿ ಕಾಗದವಿರುವ ಪುಟ್ಟ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದರ ಮೇಲೆ ಅಳತೆ, ಸ್ಟೆರೈಲ್ ಅನ್ನುವ ಗುರುತು, ಅವಧಿ ಮುಗಿಯುವ ತಿಂಗಳು ಇರುತ್ತದೆ. ನಿಮ್ಮ ಎದುರಿಗೇ ಅದನ್ನು ಹರಿಯಬೇಕು. ಹರಿಯುವ ಮುಂಚೆ ವೈದ್ಯರು ಕೈ ತೊಳೆದರಾ ನೋಡಿ.

ಬಿಂದು ಹುಡುಕಲು ಅವರು ಸ್ಕೇಲು ಬಳಸುವುದಿಲ್ಲ, ನಿಮ್ಮ ಬೆರಳಿನ ಅಳತೆಯನ್ನೇ ಹಿಡಿಯುತ್ತಾರೆ. ನಿಮ್ಮ ಹೆಬ್ಬೆರಳಿನ ಅಗಲ ಒಂದು ತ್ಸುನ್, ನಾಲ್ಕು ಬೆರಳು ಕೂಡಿಸಿದರೆ ಮೂರು. ಮಂಡಿಚಿಪ್ಪಿನ ಕೆಳಗಿನ ಗುಳಿಯಿಂದ ಮೂರು ತ್ಸುನ್ ಕೆಳಗೆ, ಮೊಣಕಾಲೆಲುಬಿನ ಹೊರಮಗ್ಗುಲಿಗೆ ಒಂದು ಬೆರಳು ಸರಿದರೆ ತ್ಸುಸಾನ್ಲಿ. ಮಂಡಿಗೂ ಹೊಟ್ಟೆಗೂ ಬಹಳ ಬಳಸುವ ಜಾಗ. ಮಣಿಕಟ್ಟಿನ ಗೆರೆಯಿಂದ ಎರಡು ತ್ಸುನ್ ಮೇಲೆ, ಎರಡು ಸ್ನಾಯುಹುರಿಗಳ ನಡುವೆ ನೇಗ್ವಾನ್. ವಾಕರಿಕೆಯ ಬಿಂದು ಅದು. ಪ್ರಯಾಣದಲ್ಲಿ ವಾಂತಿ ಬಾರದಿರಲಿ ಅಂತ ಮಾರುವ ಬ್ಯಾಂಡು ಒತ್ತುವುದೂ ಅಲ್ಲಿಯೇ.

ಸ್ಪಿರಿಟ್ಟಿನಿಂದ ಒರೆಸಿ, ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯನ್ನು ಚರ್ಮದ ಮೇಲೆ ಒತ್ತಿ ಇಡುತ್ತಾರೆ. ಸೂಜಿಯ ಹಿಡಿ ಕೊಳವೆಯಿಂದ ಚೂರೇ ಚೂರು ಹೊರಗೆ ಇಣುಕುತ್ತಿರುತ್ತದೆ. ಅದರ ತಲೆಗೆ ಬೆರಳಿನಿಂದ ಟಕ್ ಅಂತ ಒಂದು ತಟ್ಟು. ಅಷ್ಟಕ್ಕೆ ಚರ್ಮ ದಾಟಿರುತ್ತದೆ. ಕೊಳವೆ ಒತ್ತಿದ್ದು ಗೊತ್ತಾಗುತ್ತದೆ, ಚುಚ್ಚಿದ್ದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಈ ಕೊಳವೆಯ ಉಪಾಯ ಚೀನಾದ್ದಲ್ಲ, ಜಪಾನಿನದು. 17ನೆಯ ಶತಮಾನದ ಸುಗಿಯಾಮಾ ವಾಇಚಿ ಅನ್ನುವ ಕುರುಡ ವೈದ್ಯರ ಹೆಸರಿನಲ್ಲಿದೆ. ಕಣ್ಣಿಲ್ಲದವರೂ ಗುರಿ ತಪ್ಪದೆ ಹಾಕುವಂತಾಗಿದ್ದು ಅದರಿಂದ.

ಕೊಳವೆ ತೆಗೆದು ಸೂಜಿಯನ್ನು ಮೆಲ್ಲಗೆ ಇಳಿಸಿ ತಿರುಗಿಸುತ್ತಾರೆ. ಆಗ ಒಳಗೆ ಭಾರವಾಗಿ ಎಳೆದಂತೆ, ಜೋಮು ಹಿಡಿದಂತೆ, ಮಂಕಾದ ನೋವಿನಂತೆ ಅನ್ನಿಸುತ್ತದೆ. ಅದಕ್ಕೆ ‘ದೆಚಿ’ ಅನ್ನುತ್ತಾರೆ. ಬರಬೇಕಾದದ್ದೇ ಅದು. ಚುರುಕ್ ಅನ್ನುವ ಉರಿ, ಕರೆಂಟು ಹೊಡೆದಂತೆ ಕಾಲಿನುದ್ದಕ್ಕೂ ಓಡುವ ಸೆಳೆತ ಬಂದರೆ ತಡಕೊಳ್ಳಬೇಡಿ, ಹೇಳಿ. ಸೂಜಿ ಸ್ವಲ್ಪ ಹಿಂದಕ್ಕೆ ತೆಗೆದರೆ ನಿಲ್ಲುತ್ತದೆ.

ಆಮೇಲೆ 20ರಿಂದ 30 ನಿಮಿಷ ಸುಮ್ನೆ ಮಲಗಬೇಕು. ಬಹಳ ಜನ ನಿದ್ದೆ ಹೋಗುತ್ತಾರೆ. ಫೋನು ಸೈಲೆಂಟ್ ಮಾಡಿ ಕೈಗೆ ಸಿಗದಂತೆ ದೂರ ಇಡಿ. ಕೈಯಲ್ಲಿ ಸೂಜಿ ಇರುವಾಗ ರಿಂಗ್ ಆದರೆ ಕೈ ತನ್ನಷ್ಟಕ್ಕೆ ಹೋಗುತ್ತದೆ, ಸೂಜಿ ಬಾಗುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರುತ್ತಾರಾ ಅಂತ ಕೇಳಿಟ್ಟುಕೊಳ್ಳಿ. ಬೆವರು, ಕಣ್ಣು ಕತ್ತಲೆ, ವಾಕರಿಕೆ ಬಂದರೆ ತಕ್ಷಣ ಕೂಗಿ. ಸೂಜಿ ತೆಗೆದು, ಕಾಲು ಎತ್ತರ ಮಾಡಿ, ಸಿಹಿ ನೀರು ಕುಡಿಸಿದರೆ ಸರಿಹೋಗುತ್ತದೆ. ಮೊದಲ ಸಲ ಕೂತು ಹಾಕಿಸಿಕೊಳ್ಳುವುದಕ್ಕಿಂತ ಮಲಗಿಯೇ ಹಾಕಿಸಿಕೊಳ್ಳುವುದು ಒಳ್ಳೆಯದು ಅನ್ನುವುದು ಇದಕ್ಕೇ.

ಇನ್ನು ಅಪಾಯ. ಜರ್ಮನಿಯಲ್ಲೇ 2,29,230 ರೋಗಿಗಳನ್ನು ಗಮನಿಸಿ 2009ರಲ್ಲಿ ಲೆಕ್ಕ ಕೊಟ್ಟರು. ಅವರಲ್ಲಿ ಶೇ. 8.6 ಜನರಿಗೆ ಏನಾದರೊಂದು ತೊಂದರೆ ಆಗಿತ್ತು, ಹೆಚ್ಚಿನವು ಚೂರು ರಕ್ತ, ನೀಲಿಗಟ್ಟುವುದು, ನೋವು. ಶ್ವಾಸಕೋಶದ ಹೊದಿಕೆಗೆ ಸೂಜಿ ತಾಗಿ ಗಾಳಿ ಸೇರಿಕೊಂಡದ್ದು 2 ಜನರಿಗೆ. ಅಪರೂಪ, ಆದರೂ ಹಾಗೇನಾದರೂ ಆದರೆ ಆಸ್ಪತ್ರೆಯೇ ಗತಿ. ಹೆಗಲ ಮೇಲ್ಭಾಗ, ಬೆನ್ನಿನ ಮೇಲ್ಭಾಗ, ಎದೆ ಇವು ಎಚ್ಚರದ ಜಾಗಗಳು. ಕುತ್ತಿಗೆ ನೋವಿಗೆ ಹೆಗಲಿನ ಮೇಲೆ ಹಾಕುವ ಸೂಜಿಯ ಕೆಳಗೇ ಶ್ವಾಸಕೋಶದ ತುದಿ ಇದೆ. ದೇಹರಚನೆ ಓದಿದವರೇ ಬೇಕು ಅಂದದ್ದು ಇದಕ್ಕಾಗಿ.

ಎದ್ದ ಮೇಲೆ

ತೆಗೆದ ಸೂಜಿ ಕಸದ ಬುಟ್ಟಿಗೆ ಹೋಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮದಂತೆ ಚೂಪಾದ ವಸ್ತುಗಳು ಚುಚ್ಚಿ ಹೊರಬರದಂಥ ಬಿಳಿ ಡಬ್ಬಿಗೆ ಬೀಳಬೇಕು. ಹಾಕಿದ್ದು ಎಷ್ಟು, ತೆಗೆದದ್ದು ಎಷ್ಟು ಅಂತ ಅವರು ಎಣಿಸುತ್ತಾರಾ ನೋಡಿ. ಕೂದಲ ಮರೆಯಲ್ಲಿ, ಕಿವಿಯಲ್ಲಿ ಒಂದು ಉಳಿದುಬಿಡುವುದುಂಟು.

ದಡಬಡ ಏಳಬೇಡಿ, ಎರಡು ನಿಮಿಷ ಕೂತು ಏಳಿ. ಮಂಪರು ಇದ್ದರೆ ಬೈಕು ಓಡಿಸಬೇಡಿ. ಆ ದಿನ ಜಿಮ್, ಕುಡಿತ ಬೇಡ. ನೋವು ಒಂದೆರಡು ದಿನ ಸ್ವಲ್ಪ ಜಾಸ್ತಿಯಾಗಿ ಇಳಿಯುವುದು ಇದೆ. ಆದರೆ ಉಸಿರಾಡುವಾಗ ಎದೆ ಚುಚ್ಚಿದರೆ, ಏದುಸಿರು ಬಂದರೆ, ಅದು ಮಾರನೇ ದಿನ ಶುರುವಾದರೂ ಸರಿ, ಕ್ಲಿನಿಕ್ಕಿಗೆ ಫೋನು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ, ಅಕ್ಯುಪಂಕ್ಚರ್ ಸೂಜಿ ಹಾಕಿಸಿಕೊಂಡಿದ್ದೆ, ಇಂಥ ಜಾಗಕ್ಕೆ ಅಂತ ಹೇಳಿ. ಸೂಜಿ ಹಾಕಿದ ಜಾಗ ಕೆಂಪಾಗಿ ಊದಿ ಬಿಸಿಯಾದರೂ ತೋರಿಸಿ.

ಎಷ್ಟು ಸಲ ನೋಡುವುದು

ಒಂದೇ ಸಲಕ್ಕೆ ಪವಾಡ ಬೇಡ, ಕೊನೆಯಿಲ್ಲದೆ ಹೋಗುತ್ತಿರುವುದೂ ಬೇಡ. ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹತ್ತು ಸಲ ಒಂದು ಸುತ್ತು ಅಂದುಕೊಳ್ಳಿ. ಮೆಡಿಕೇರ್ ಇಟ್ಟುಕೊಂಡಿರುವ ನಿಯಮ ನನಗೆ ಹಿಡಿಸಿತು: 90 ದಿನದಲ್ಲಿ 12 ಸಲ, ಗುಣ ಕಂಡರೆ ಇನ್ನೂ 8, ಕಾಣದಿದ್ದರೆ ಅಲ್ಲಿಗೇ ನಿಲ್ಲಿಸು.

ಗುಣ ಕಂಡಿತಾ ಅನ್ನುವುದನ್ನು ನೆನಪಿನ ಮೇಲೆ ಬಿಡಬೇಡಿ. ಶುರು ಮಾಡುವ ಮುಂಚೆ ಒಂದು ವಾರ ಡೈರಿಯಲ್ಲಿ ನೋವಿಗೆ 0ಯಿಂದ 10ರ ಒಳಗೆ ಒಂದು ಅಂಕ ಬರೆಯಿರಿ. ಜೊತೆಗೆ ನಿಮಗೆ ಬೇಕಾದ ಎರಡು ಕೆಲಸ ಆರಿಸಿಕೊಳ್ಳಿ: ನೆಲದ ಮೇಲೆ ಕೂತು ಊಟ ಮಾಡಿ ಕೈ ಊರದೆ ಏಳುವುದು, ಬಸ್‌ಸ್ಟಾಪಿನವರೆಗೆ ನಿಲ್ಲದೆ ನಡೆಯುವುದು, ಹೀಗೆ. ಮಾತ್ರೆ ಎಷ್ಟು ನುಂಗಿದಿರಿ ಅನ್ನುವುದನ್ನೂ ಬರೆಯಿರಿ. ಆರನೇ ಸಲದ ಹೊತ್ತಿಗೆ ಮೂರರಲ್ಲಿ ಒಂದಾದರೂ ಅಲುಗಾಡಿರಬೇಕು. ಇಲ್ಲದಿದ್ದರೆ ವೈದ್ಯರಿಗೆ ಡೈರಿ ತೋರಿಸಿ ಮಾತಾಡಿ. ‘ವಿಷ ಹೊರಗೆ ಬರ್ತಾ ಇದೆ, ಇನ್ನೂ ಹತ್ತು ಸಲ ಬನ್ನಿ’ ಅನ್ನುವ ಉತ್ತರಕ್ಕೆ ದುಡ್ಡು ಕೊಡಬೇಡಿ. ಸೂಜಿ ನಡೆಯುತ್ತಿದೆ ಅಂತ ವ್ಯಾಯಾಮ ಬಿಡುವುದೂ ತಪ್ಪು. ನೋವು ತಗ್ಗಿದ ಆ ಎರಡು ದಿನವೇ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಲು ಸಿಗುವ ಅವಕಾಶ.

ಬಟ್ಟಲು ಮತ್ತು ಬೆಂಕಿ

ಕಪ್ಪಿಂಗ್ ಮಾಡಿದ ಜಾಗದಲ್ಲಿ ಹಲಸಿನ ಬೀಜದ ಬಣ್ಣದಿಂದ ನೇರಳೆಯವರೆಗೆ ದುಂಡನೆ ಕಲೆ ಬೀಳುತ್ತದೆ, ಒಂದೆರಡು ವಾರ ಇರುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಹೆಗಲ ಮೇಲೆ ಜಗತ್ತೇ ನೋಡಿದ್ದು ಅದನ್ನೇ. ಅದು ಹೊರಬಂದ ‘ಕೆಟ್ಟ ರಕ್ತ’ ಅಲ್ಲ, ಚರ್ಮದಡಿ ಒಡೆದ ಸಣ್ಣ ರಕ್ತನಾಳ. ಮದುವೆ ಮನೆಗೆ ಹೋಗುವುದಿದ್ದರೆ ಮುಂದೂಡಿ. ಕೊಯ್ದು ರಕ್ತ ತೆಗೆಯುವ ಹಿಜಾಮಾ ಬೇರೆ ವಿಷಯ, ಅಲ್ಲಿ ಸೋಂಕಿನ ಎಚ್ಚರಿಕೆ ಇನ್ನೂ ಜಾಸ್ತಿ ಬೇಕು.

ಮಾಕ್ಸಿಬಸ್ಚನ್‌ಗೆ ಬಳಸುವುದು ನಾವು ಗಣೇಶನಿಗೆ ಏರಿಸುವ ಮಾಚಿಪತ್ರೆಯ ಕುಲದ್ದೇ ಗಿಡ. ಒಣಗಿಸಿ ಕುಟ್ಟಿ ಚುಟ್ಟಾದಂತೆ ಸುತ್ತಿ, ಹೊತ್ತಿಸಿ, ಚರ್ಮದಿಂದ ಸ್ವಲ್ಪ ಮೇಲೆ ಹಿಡಿಯುತ್ತಾರೆ. ಹೊಗೆ ಗಾಢವಾಗಿರುತ್ತದೆ, ಉಬ್ಬಸದವರು ಬೇಡ ಅನ್ನಿ. ಪಾದದಲ್ಲಿ ಸ್ಪರ್ಶ ಕಮ್ಮಿಯಾದ ಸಕ್ಕರೆ ರೋಗಿಗಳಿಗಂತೂ ಬೇಡವೇ ಬೇಡ.

ಕಷಾಯ, ಪುಡಿ, ಗುಳಿಗೆ

ಸೂಜಿಗಿಂತ ಇಲ್ಲಿ ನನ್ನ ಅನುಮಾನ ಜಾಸ್ತಿ. ಗಿಡಮೂಲಿಕೆಯಲ್ಲಿ ಶಕ್ತಿ ಇಲ್ಲ ಅಂತಲ್ಲ, ಇದೆ ಅಂತಲೇ. ಚೀನಾದ ಹಳೆಯ ಮದ್ದು ಚಿಂಗ್‌ಹಾವ್ ಗಿಡದಿಂದ ತು ಯುಯು ಅವರ ತಂಡ ಮಲೇರಿಯಾ ಔಷಧ ಆರ್ಟಿಮಿಸಿನಿನ್ ತೆಗೆಯಿತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಗಿಡಮೂಲಿಕೆಯ ಇನ್ನೊಂದು ಮುಖ ಬ್ರಸೆಲ್ಸ್‌ನಲ್ಲಿ ಕಂಡಿತು. 1990ರ ದಶಕದ ಮೊದಲಲ್ಲಿ ಅಲ್ಲಿ ಮೈ ಇಳಿಸುವ ಚೀನೀ ಗುಳಿಗೆಯಲ್ಲಿ ಒಂದು ಮೂಲಿಕೆಯ ಬದಲು ಹೆಸರು ಹೋಲುವ ಇನ್ನೊಂದು ಸೇರಿಕೊಂಡಿತು. ಅದು ಅರಿಸ್ಟೊಲೋಕಿಯಾ ಕುಲದ್ದು. ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು, ಮುಂದೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ನಮ್ಮ ಹಳ್ಳಿಗಳಲ್ಲಿ ಹಾವಿನ ಕಡಿತಕ್ಕೆ ಅರೆಯುವ ಈಶ್ವರಿ ಬಳ್ಳಿಯೂ ಅದೇ ಕುಲ.

ಹಾಗಾಗಿ ಕಷಾಯ ಬರೆದುಕೊಟ್ಟರೆ ಒಳಗೆ ಏನೇನಿದೆ ಅಂತ ಹೆಸರು ಬರೆಸಿಕೊಳ್ಳಿ. ‘ಸೀಕ್ರೆಟ್ ಫಾರ್ಮುಲಾ’ ಅಂದರೆ ವಾಪಸು ಕೊಡಿ. ಚೀನೀ ಕಷಾಯಗಳಲ್ಲಿ ಅತಿಮಧುರ ಬಹಳ ಬಳಕೆ, ಜಾಸ್ತಿ ದಿನ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಫುತ್ಸು ಅನ್ನುವುದು ನಮ್ಮ ವತ್ಸನಾಭಿಯ ಬಳಗ, ಸರಿಯಾಗಿ ಶುದ್ಧಿ ಮಾಡದಿದ್ದರೆ ಹೃದಯಕ್ಕೇ ಹೊಡೆತ. ದಾಂಗ್‌ಗ್ವಿ ಬೇರು ರಕ್ತ ತೆಳು ಮಾಡುವ ವಾರ್‌ಫರಿನ್ ಮಾತ್ರೆ ಜೊತೆ ಸೇರಿದರೆ ರಕ್ತಸ್ರಾವದ ಭಯ. ಬಿಡಿ ಪೊಟ್ಟಣದ ಗುಳಿಗೆ ನುಂಗಿದ ಎರಡೇ ದಿನಕ್ಕೆ ಹಳೆಯ ಮಂಡಿ ನೋವು ಮಂಗಮಾಯ ಆದರೆ ಖುಷಿಪಡುವ ಮುಂಚೆ ಅನುಮಾನಪಡಿ. ಅಂಥ ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ.

ಸಿಂಗಪುರದಿಂದಲೋ ಹಾಂಗ್‌ಕಾಂಗಿನಿಂದಲೋ ನೆಂಟರು ತಂದುಕೊಟ್ಟ ಡಬ್ಬಿಯಾದರೆ ಲೇಬಲ್ಲಿನ ನಾಲ್ಕೂ ಮಗ್ಗುಲಿನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮೂರು ತಿಂಗಳಿಗಿಂತ ಜಾಸ್ತಿ ನುಂಗುವುದಾದರೆ ಲಿವರ್, ಕಿಡ್ನಿ ಪರೀಕ್ಷೆ ಮಾಡಿಸಿ. ಯಾವುದಾದರೂ ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮುಂಚೆ ಎಲ್ಲ ಮೂಲಿಕೆಯನ್ನೂ ನಿಲ್ಲಿಸಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಆ ಫೋಟೊ ತೋರಿಸಿ.